ಕಟ್ಟಿಕೊಡುವುದು, ಕಟ್ಟಿಕೊಳ್ಳುವುದು

ವಿಪತ್ತು ಬಂದೆರಗಿದಾಗ ಮನುಷ್ಯನ ಬಾಯಿಂದ ಹೊರಡುವ ಮೊದಲ ಪ್ರಶ್ನೆ ‘ಇದು ಏಕೆ ಬಂತು?’ ಎಂಬುದು. 1934ರ ಜನವರಿ 15ರಂದು ಬಿಹಾರದಲ್ಲಿ ಭೂಮಿ ನಡುಗಿ ಸಾವಿರಾರು ಜನ ಸತ್ತಾಗ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯೆಂದು ಗಾಂಧೀಜಿ ಹೇಳಿದರು. ಅಸ್ಪೃಶ್ಯತೆಯ ವಿಷಯದಲ್ಲಿ ಅವರೊಡನೆ ಏಕಮನಸ್ಕರಾಗಿದ್ದ ರವೀಂದ್ರನಾಥ ಠಾಕೂರರು ಈ ಮಾತನ್ನು ಮಾತ್ರ ಒಪ್ಪಲಿಲ್ಲ. ಭೌತಿಕ ಉತ್ಪಾತಕ್ಕೆ ಭೌತಿಕವಾದ ಕಾರಣವನ್ನೇ ಹುಡುಕಬೇಕೆಂದು ಅವರು ಪ್ರತಿಭಟಿಸಿದರು. ಆ ಪ್ರತಿಭಟನೆಯನ್ನು ಗಾಂಧೀಜಿ ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಅಚ್ಚು ಹಾಕಿಸಿ ಉತ್ತರ ಕೊಟ್ಟರು. ಇಬ್ಬರು ಹಿರಿಯರ ಆ ವಾದವನ್ನು ಓದುವುದು ಇಂದಿಗೂ ಮನಸ್ಸಿಗೆ ಒಳ್ಳೆಯ ಸಾಣೆ. ಆದರೆ ಮನೆ ಕಳೆದುಕೊಂಡವನ ಅಂಗಳದಲ್ಲಿ ಇದಕ್ಕಿಂತ ತೊಡಕಾದ ಎರಡನೆಯ ಪ್ರಶ್ನೆಯೊಂದು ಕಾದು ಕುಳಿತಿರುತ್ತದೆ: ಬಿದ್ದುದನ್ನು ಎತ್ತಿ ನಿಲ್ಲಿಸತಕ್ಕವರು ಯಾರು?

ಇದರಲ್ಲೇನು ತೊಡಕು, ಉಳ್ಳವರು ಕಟ್ಟಿಕೊಡಬೇಕು, ಇಲ್ಲದವರು ಪಡೆಯಬೇಕು ಎಂದು ನಮ್ಮಲ್ಲಿ ಅನೇಕರು ಹೇಳಿಯಾರು. ಕನ್ನಡ ಭಾಷೆ ಇಲ್ಲಿ ನಮಗಿಂತ ಸೂಕ್ಷ್ಮವಾಗಿ ಯೋಚಿಸಿದೆ. ‘ಕಟ್ಟು’ ಎಂಬ ಒಂದೇ ಧಾತುವಿಗೆ ‘ಕೊಡು’ ಸೇರಿದರೆ ಒಂದು ಅರ್ಥ, ‘ಕೊಳ್ಳು’ ಸೇರಿದರೆ ಇನ್ನೊಂದು. ಕಟ್ಟಿಕೊಟ್ಟ ಮನೆಯಲ್ಲಿ ಕೊಟ್ಟವನ ಇಷ್ಟ ನಿಂತಿರುತ್ತದೆ. ಕಟ್ಟಿಕೊಂಡ ಮನೆಯಲ್ಲಿ ಇರುವವನ ಇಷ್ಟ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಖರ್ಚಿನ ಮಾತಷ್ಟೇ ಆಡುತ್ತಿಲ್ಲ. ಆ ಎರಡು ಕೆಲಸಗಳಲ್ಲಿ ಮನುಷ್ಯ ತಾನು ಯಾರೆಂಬುದನ್ನು ತಾನೇ ನಿರ್ಧರಿಸಬೇಕಾಗುತ್ತದೆ ಎಂಬ ಅರಿವೂ ಅದರಲ್ಲಿದೆ. ಎಲ್ಲವನ್ನೂ ಕಳೆದುಕೊಂಡವನಿಂದ ಈ ನಿರ್ಧಾರವನ್ನೂ ಕಸಿದುಕೊಳ್ಳುವುದು ಧರ್ಮವೆ?

ನಮ್ಮ ಗಡಿಯಾಚೆಯೇ ನಡೆದ ಒಂದು ಸಂಗತಿಯನ್ನು ನೋಡೋಣ. 1993ರ ಸೆಪ್ಟೆಂಬರ್ 30ರಂದು, ಗಣೇಶ ವಿಸರ್ಜನೆ ಮುಗಿಸಿ ಮರಾಠವಾಡದ ಜನ ಮಲಗಿದ್ದ ನಸುಕಿನಲ್ಲಿ, ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ಅದುರಿತು. ನಮ್ಮ ಕಲಬುರಗಿ, ಬೀದರಗಳವರೆಗೂ ಆ ಕಂಪನ ತಟ್ಟಿತು. ಸುಮಾರು 10,000 ಜನ ಸತ್ತರು. ಅವರನ್ನು ಕೊಂದದ್ದು ಅವರವರ ಮನೆಗಳೇ: ಕಲ್ಲುಗಳನ್ನು ಬರಿಯ ಮಣ್ಣಿನಲ್ಲಿ ಕೂಡಿಸಿ ಎಬ್ಬಿಸಿದ ದಪ್ಪ ಗೋಡೆಗಳು, ಬೇಸಗೆಗೆ ತಂಪಾಗಿರಲೆಂದು ಮಾಳಿಗೆಯ ಮೇಲೆ ಹೇರಿದ ಮಣ್ಣು. ತೀರ ನೆಲಸಮವಾದ 52 ಹಳ್ಳಿಗಳನ್ನು ಹೊಸ ಜಾಗಗಳಿಗೆ ಸಾಗಿಸಿ, ಅಗಲವಾದ ನೇರ ರಸ್ತೆಗಳನ್ನು ಎಳೆದು, ಸಾಲು ಮನೆಗಳನ್ನು ಕಟ್ಟಿಕೊಟ್ಟರು. ಗೋಡೆಗಳು ಗಟ್ಟಿಯಾದವು, ಅದು ದೊಡ್ಡ ಉಪಕಾರವೇ. ಆದರೆ ಮನೆಯ ಅಳತೆಯನ್ನು ಗೊತ್ತುಮಾಡಿದ್ದು ಹೇಗೆ? ಕುಟುಂಬಕ್ಕಿದ್ದ ಜಮೀನಿನ ಮೇಲೆ. ಭೂಮಿಯಿಲ್ಲದವನಿಗೂ ಸಣ್ಣ ಹಿಡುವಳಿದಾರನಿಗೂ 250 ಚದರ ಅಡಿ, ನಡುವಿನವನಿಗೆ 450, ದೊಡ್ಡ ಹಿಡುವಳಿದಾರನಿಗೆ 750. ಬಡವ ಬಲ್ಲಿದ ಎನ್ನದೆ ಎಲ್ಲರನ್ನೂ ಕೆಡವಿದ ಭೂಕಂಪ ಮಾಡದಿದ್ದ ಭೇದವನ್ನು ಪುನರ್ನಿರ್ಮಾಣ ಮಾಡಿತು. ಹಲವೆಡೆ ಹಳೆಯ ಓಣಿಯ ನೆರೆಹೊರೆ ಚದುರಿಹೋಯಿತು. ಅಕ್ಕಪಕ್ಕದ ಮನೆಯವರ ದನಿ ಕೇಳುವಷ್ಟು ಹತ್ತಿರವಿದ್ದ ಬದುಕಿಗೆ ನೇರ ರಸ್ತೆಯ ಅಗಲವೇ ಒಂದು ಅಂತರವಾಯಿತು.

ಅದೇ ಸೀಮೆಯಲ್ಲಿ, ಕಡಮೆ ಹಾನಿಯಾದ ಊರುಗಳಲ್ಲಿ ಬೇರೊಂದು ಕ್ರಮ ನಡೆಯಿತು. ಅಲ್ಲಿ ಹಣವನ್ನು ಕಂತುಕಂತಾಗಿ ಕೊಟ್ಟು, ಇಂಜಿನಿಯರರ ಸಲಹೆ ಒದಗಿಸಿ, ದುರಸ್ತಿಯನ್ನು ಮನೆಯವರಿಗೇ ಬಿಟ್ಟರು. ಊರಿನ ಹೆಣ್ಣುಮಕ್ಕಳು ಮುಂದೆ ಬಂದು, ಗೋಡೆ ಹೇಗೆ ಭದ್ರವಾದೀತೆಂಬುದನ್ನು ತಾವು ಕಲಿತು ಇತರರಿಗೂ ತಿಳಿಸಿದರು.

2001ರ ಜನವರಿ 26ರಂದು ಕಛ್ ಸೀಮೆ ನಡುಗಿ ಗುಜರಾತಿನಲ್ಲಿ 13,000ಕ್ಕೂ ಹೆಚ್ಚು ಜನ ಸತ್ತಾಗ ಈ ಎರಡನೆಯ ಕ್ರಮವೇ ಮುಂದಾಯಿತು. ಊರನ್ನು ಬೇರೆಡೆಗೆ ಸಾಗಿಸುವ ಮಾತು ಬಂದಾಗ ಬಹುಪಾಲು ಹಳ್ಳಿಗಳು ಒಲ್ಲೆವೆಂದವು. ಸರ್ಕಾರ ಆ ಮಾತಿಗೆ ಕಿವಿಗೊಟ್ಟಿತು. ಕೆಲಸ ಸಾಗಿದಂತೆ ತಪಾಸಣೆ ಮಾಡಿ ಕಂತುಗಳಲ್ಲಿ ಹಣ ಬಿಡುಗಡೆ ಮಾಡಿತು. ಸ್ವಯಂಸೇವಾ ಸಂಸ್ಥೆಗಳ ಒಕ್ಕೂಟವೊಂದು ‘ಸೇತು’ ಎಂಬ ಕೇಂದ್ರಗಳನ್ನು ತೆರೆದು, ಹಳ್ಳಿಗೂ ಕಚೇರಿಗೂ ನಡುವೆ ಸುದ್ದಿ ಹೊತ್ತಿತು. ಆ ನೆಲದ ಜನಕ್ಕೆ ಇದು ಹೊಸ ವಿದ್ಯೆಯೂ ಆಗಿರಲಿಲ್ಲ. 1819ರಲ್ಲಿಯೂ ಕಛ್ ಭೂಕಂಪವನ್ನು ಕಂಡಿತ್ತು. ಅಲ್ಲಿನ ‘ಭುಂಗಾ’ ಎಂಬ ಗುಂಡು ಮನೆಗಳು, ಮಣ್ಣಿನ ಗೋಡೆ ಮತ್ತು ಹುಲ್ಲಿನ ಮಾಡಿನವು, 2001ರಲ್ಲಿ ಅನೇಕ ಹೊಸ ಕಟ್ಟಡಗಳಿಗಿಂತ ಚೆನ್ನಾಗಿ ತಾಳಿಕೊಂಡವು. ಗುಂಡಾದ ಗೋಡೆ ಅದುರನ್ನು ಎಲ್ಲ ಕಡೆಗೂ ಹಂಚಿಕೊಳ್ಳುತ್ತದೆ. ಮೂಲೆಯಿಲ್ಲದಲ್ಲಿ ಮೂಲೆ ಬಿರಿಯುವುದಿಲ್ಲ. ಹಳ್ಳಿಯವನಿಗೆ ಏನೂ ತಿಳಿಯದೆಂದು ಹೊರಡುವ ಉಪಕಾರಿ ಈ ಮನೆಗಳನ್ನು ಒಮ್ಮೆ ನೋಡಿಬರುವುದು ಒಳ್ಳೆಯದು.

ನಮ್ಮಲ್ಲಿ 2009ರಲ್ಲಿ ಉತ್ತರ ಕರ್ನಾಟಕವನ್ನು ನೆರೆ ಮುಳುಗಿಸಿದಾಗ ‘ಆಸರೆ’ ಯೋಜನೆಯಲ್ಲಿ ಸರ್ಕಾರವೂ ದಾನಿಗಳೂ ಉದಾರವಾಗಿ ಮನೆ ಕಟ್ಟಿಕೊಟ್ಟರು. ಎಷ್ಟೋ ಕಡೆ ಆ ಮನೆಗಳು ವರ್ಷಗಟ್ಟಲೆ ಖಾಲಿ ನಿಂತವು. ಜನ ಹೊಳೆದಂಡೆಯ ಹಳೆಯ ಊರುಗಳಲ್ಲಿಯೇ ಉಳಿದರು. ಕೃತಘ್ನರೆಂದು ಅವರನ್ನು ಬಯ್ದವರುಂಟು. ಎತ್ತು ಕಟ್ಟಲು, ಮೇವು ಒಟ್ಟಲು, ಕಾಳು ಒಣಗಿಸಲು ಇಂಬಿಲ್ಲದ, ಹೊಲಕ್ಕೆ ದೂರವಾದ ಮನೆಯನ್ನು ಒಕ್ಕಲಿಗ ಮನೆಯೆಂದು ಹೇಗೆ ಕರೆದಾನು?

ಹಾಗಾದರೆ ಎಲ್ಲವನ್ನೂ ಜನಕ್ಕೇ ಬಿಟ್ಟು ಸಂಸ್ಥೆಗಳು ಕೈ ತೊಳೆದುಕೊಳ್ಳಬಹುದೆ? ಇದು ಹಗುರವಾದ ಆಕ್ಷೇಪವಲ್ಲ. ಕಿಲ್ಲಾರಿಯ ಕಲ್ಲುಗೋಡೆಯನ್ನು ಕಟ್ಟಿದವರೂ ಜನವೇ. ಅಲ್ಲದೆ, ‘ಊರಿನ ಇಷ್ಟ’ ಎಂಬುದು ಅನೇಕ ವೇಳೆ ಊರಿನ ಬಲ್ಲಿದರ ಇಷ್ಟ. ತನ್ನ ಹೆಸರಿನಲ್ಲಿ ಪತ್ರವಿಲ್ಲದ ವಿಧವೆ, ಬಾಡಿಗೆಗೆ ಇದ್ದವನು, ಊರ ಹೊರಗಿನ ಕೇರಿಯವನು, ಇವರ ದನಿ ಕಟ್ಟೆಯ ಸಭೆಯವರೆಗೆ ತಲುಪುವುದು ಕಷ್ಟ. ಕಟ್ಟಿಕೊಳ್ಳುವ ಸ್ವಾತಂತ್ರ್ಯ ಇವರಿಗೆ ಬರಿಯ ಮಾತಾದೀತು. ಆದ್ದರಿಂದ ಸಂಸ್ಥೆಯ ಕೆಲಸ ಇಲ್ಲಿ ಕಡಮೆಯಾಗುವುದಿಲ್ಲ, ಕಠಿಣವಾಗುತ್ತದೆ. ಹಣ ಕೊಡಬೇಕು, ಗೋಡೆ ನಿಲ್ಲುವ ವಿದ್ಯೆ ಕೊಡಬೇಕು, ದನಿಯಿಲ್ಲದವನ ಪಾಲನ್ನು ಕಾಯಬೇಕು, ಲೆಕ್ಕ ಇಡಬೇಕು. ಇಷ್ಟೆಲ್ಲ ಮಾಡಿಯೂ ಯಜಮಾನಿಕೆಯನ್ನು ಮಾತ್ರ ತಾನು ವಹಿಸಬಾರದು.

ಬಿಹಾರದ ಪರಿಹಾರ ಕಾರ್ಯದಲ್ಲಿ ಲೆಕ್ಕದ ಹೊಣೆ ಹೊತ್ತಿದ್ದ ಜೆ. ಸಿ. ಕುಮಾರಪ್ಪನವರು, ಗಾಂಧೀಜಿಯ ಪರಿವಾರ ಬಂದಾಗ ಅವರ ಖರ್ಚನ್ನು ಪರಿಹಾರ ನಿಧಿಯಿಂದ ತೆಗೆಯಲು ಒಪ್ಪಲಿಲ್ಲ. ಆ ಹಣ ಮನೆ ಬಿದ್ದವರದು. ತಾವು ಅದರ ಕಾವಲುಗಾರರು ಮಾತ್ರ. ಕೊಡುವವನು ತನ್ನನ್ನು ಒಡೆಯನೆಂದುಕೊಳ್ಳದೆ ಕಾವಲುಗಾರನೆಂದು ತಿಳಿದರೆ, ಅವನ ಅರ್ಧ ತಪ್ಪುಗಳು ಅಲ್ಲಿಯೇ ನಿಂತುಹೋಗುತ್ತವೆ.

ಭೂಮಿ ಮತ್ತೆ ಅದುರುತ್ತದೆ, ಹೊಳೆ ಮತ್ತೆ ಉಕ್ಕುತ್ತದೆ. ನಗರದಲ್ಲಿರುವ ನಾವು ಮತ್ತೆ ಪರಿಹಾರ ನಿಧಿಗೆ ಹಣ ಕಳುಹಿಸುತ್ತೇವೆ. ಕಳುಹಿಸಬೇಕಾದ್ದೇ. ಅದರ ಜೊತೆಗೆ ಒಂದು ಪ್ರಶ್ನೆಯನ್ನೂ ಕಳುಹಿಸೋಣ: ‘ನಿಮ್ಮ ಮನೆ ಹೇಗಿರಬೇಕು?’ ಹಣ ಕಳುಹಿಸುವುದಕ್ಕೆ ಕರುಣೆ ಸಾಕು. ಈ ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾಯುವುದಕ್ಕೆ ಗೌರವ ಬೇಕು.