ಯಾರ ಖರ್ಚಿನಲ್ಲಿ?

ಅಜ್ಜಂಪುರದಲ್ಲಿ ಹೈಸ್ಕೂಲು ಓದುವಾಗ ನಮಗೆ ಜರ್ಮನಿಯ ಪಾದ್ರಿಗಳೆಲ್ಲಾ ಒಂದೊಂದು ಮಾರ್ಕಿನ ಉತ್ತರಗಳು. ಕನ್ನಡದ ಮೊದಲ ಪತ್ರಿಕೆ ಯಾವುದು? ಮಂಗಳೂರು ಸಮಾಚಾರ, 1843, ಮೋಗ್ಲಿಂಗ್. ಕನ್ನಡ-ಇಂಗ್ಲಿಷ್ ನಿಘಂಟು ಬರೆದವರು ಯಾರು? ಕಿಟೆಲ್, 1894. ಮುಂದಿನ ಪ್ರಶ್ನೆ. ಅವರಿಗೆ ಹೆಂಡತಿ ಇದ್ದರಾ, ಮಕ್ಕಳಿದ್ದರಾ, ಆ ಮಕ್ಕಳು ಎಲ್ಲಿ ಬೆಳೆದವು ಅಂತ ನಾವೂ ಕೇಳಲಿಲ್ಲ, ಮೇಷ್ಟ್ರೂ ಹೇಳಲಿಲ್ಲ. ಅದು ಸಿಲಬಸ್ಸಿನಲ್ಲಿ ಇರಲಿಲ್ಲ.

ಆ ಪ್ರಶ್ನೆ ನನಗೆ ಹೊಳೆದದ್ದು ಇಪ್ಪತ್ತು ವರ್ಷ ಕಳೆದ ಮೇಲೆ, ಸ್ಟುಟ್‌ಗಾರ್ಟಿನಲ್ಲಿ. ಆಫೀಸಿನವರು ಹತ್ತು ತಿಂಗಳಿಗೆ ಆನ್‌ಸೈಟ್ ಕಳಿಸಿದ್ದರು. ಹೆಂಡತಿಗೆ ಬೆಂಗಳೂರಲ್ಲಿ ಶಿಫ್ಟಿನ ಕೆಲಸ. ಮೂರು ವರ್ಷದ ಮಗಳನ್ನು ಊರಲ್ಲಿ ಅವ್ವನ ಹತ್ತಿರ ಬಿಟ್ಟಿದ್ದೆವು. ಭಾನುವಾರ ಬಂದರೆ ಮಾಡೋಕೆ ಏನೂ ಇರುತ್ತಿರಲಿಲ್ಲ. ಲೋಕಲ್ ಟ್ರೇನ್ ಹತ್ತಿ ಸುಮ್ಮನೆ ಸುತ್ತುತ್ತಿದ್ದೆ. ಹಾಗೆ ಒಂದು ಸಲ ಎಸ್ಲಿಂಗೆನ್ ಅನ್ನೋ ಊರಲ್ಲಿ ಇಳಿದೆ. ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಅಲ್ಲೇ ಅಂತ ಫೋನಿನಲ್ಲಿ ಓದಿದೆ. ಇನ್ನೊಂದು ದಿಕ್ಕಿಗೆ ಹೋದರೆ ಟ್ಯೂಬಿಂಗೆನ್, ಕಿಟೆಲ್ 1903ರಲ್ಲಿ ಕಣ್ಣು ಮುಚ್ಚಿದ ಊರು. ಬಾಸೆಲ್ ಮಿಷನ್ನಿನ ಎಷ್ಟೋ ಜನ ಈ ಸೀಮೆಯಿಂದಲೇ ಮಂಗಳೂರು, ಧಾರವಾಡದ ಕಡೆ ಹೊರಟವರು. ಇಲ್ಲಿಂದ ಅವರು ಅಲ್ಲಿಗೆ, ಅಲ್ಲಿಂದ ನಾನು ಇಲ್ಲಿಗೆ. ಆ ರಾತ್ರಿ ಅವರ ಮನೆ ಮಕ್ಕಳ ಕತೆ ಹುಡುಕಿ ಓದೋಕೆ ಶುರು ಮಾಡಿದೆ.

ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಬಂದವರು ಮದುವೆಯಾಗಬೇಕೆಂದರೆ ಬಾಸೆಲ್‌ನಲ್ಲಿದ್ದ ಕಮಿಟಿಯ ಒಪ್ಪಿಗೆ ಬೇಕಿತ್ತು. ಎಷ್ಟೋ ಹೆಣ್ಣುಮಕ್ಕಳು ಗಂಡನಾಗುವವನ ಮುಖವನ್ನು ಸರಿಯಾಗಿ ನೋಡದೆಯೇ ಹಡಗು ಹತ್ತಿದರು. ಇದು ನಮಗೇನೂ ವಿಚಿತ್ರ ಅನ್ನಿಸಲ್ಲ ಬಿಡಿ, ನಮ್ಮ ಅಜ್ಜಿಯರ ಮದುವೆಯೂ ಹಾಗೇ ಆಗಿದ್ದು. ವಿಚಿತ್ರ ಅನ್ನಿಸಿದ್ದು ಆಮೇಲಿನದು. ಇಲ್ಲಿ ಹುಟ್ಟಿದ ಮಕ್ಕಳು ಶಾಲೆಗೆ ಹೋಗೋ ವಯಸ್ಸಿಗೆ ಬಂದ ಕೂಡಲೇ ಅವರನ್ನು ಯುರೋಪಿಗೆ ಕಳಿಸಬೇಕಿತ್ತು. 1853ರಲ್ಲಿ ಮಿಷನ್ ಇದನ್ನು ನಿಯಮವನ್ನೇ ಮಾಡಿ, ಆ ಮಕ್ಕಳಿಗಾಗಿ ಬಾಸೆಲ್‌ನಲ್ಲಿ ಒಂದು ಮನೆ ತೆರೆಯಿತು. ಇಲ್ಲಿಯ ಹವೆ, ಕಾಯಿಲೆ, ಶಾಲೆ ಇಲ್ಲದಿರುವುದು ಇವೆಲ್ಲಾ ಕಾರಣಗಳು. ಸುಳ್ಳು ಕಾರಣಗಳೂ ಅಲ್ಲ. ಆಗಿನ ಕಾಲದಲ್ಲಿ ಜ್ವರ ಬಂದು ಸತ್ತ ಮಕ್ಕಳು ಕಡಿಮೆ ಇಲ್ಲ. ಆದರೆ ಐದಾರು ವರ್ಷದ ಮಗುವನ್ನು ಹಡಗು ಹತ್ತಿಸಿದ ತಾಯಿ ಅದನ್ನು ಮತ್ತೆ ನೋಡುವ ಹೊತ್ತಿಗೆ ಮಗು ಮಗುವಾಗಿ ಉಳಿದಿರುತ್ತಿರಲಿಲ್ಲ. ಕೆಲವರು ಮತ್ತೆ ನೋಡಲೇ ಇಲ್ಲ.

ಒಂದು ಮನೆಯ ಕತೆ ಹೇಳ್ತೀನಿ. ಹೆರ್ಮನ್ ಗುಂಡರ್ಟ್ ಮತ್ತು ಜೂಲಿ ದುಬೊವಾ ತಲಶ್ಶೇರಿಯಲ್ಲಿದ್ದ ದಂಪತಿ. ಕಿಟೆಲ್ ಕನ್ನಡಕ್ಕೆ ಮಾಡಿದ್ದನ್ನು ಗುಂಡರ್ಟ್ ಮಲಯಾಳಕ್ಕೆ ಮಾಡಿದರು. ಆಮೇಲೆ ಮಲಬಾರು, ಕೆನರಾ ಎರಡು ಜಿಲ್ಲೆಗಳ ಶಾಲೆಗಳಿಗೂ ಇನ್‌ಸ್ಪೆಕ್ಟರ್ ಆದರು. ಜೂಲಿ ಅಲ್ಲಿಯ ಹೆಣ್ಣುಮಕ್ಕಳನ್ನು ಜೊತೆಯಲ್ಲಿಟ್ಟುಕೊಂಡು ಓದಿಸಿದರು. 1842ರಲ್ಲಿ ಇವರಿಗೆ ಮರಿ ಅನ್ನೋ ಮಗಳು ಹುಟ್ಟಿದಳು. ರಜೆಗೆಂದು ಊರಿಗೆ ಹೋದವರು ಮರಿಗೆ ನಾಲ್ಕು ವರ್ಷವಾದಾಗ ಅವಳನ್ನು ಅಲ್ಲೇ ಬಿಟ್ಟು ವಾಪಸ್ ಬಂದರು. ಅವಳು ಮತ್ತೆ ಅಪ್ಪ ಅಮ್ಮನ ಜೊತೆ ಇರೋಕೆ ಇಂಡಿಯಾಗೆ ಬಂದದ್ದು ಹದಿನೈದನೇ ವಯಸ್ಸಿಗೆ. ಊರಿನ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ತಾಯಿ, ತನ್ನ ಮಗಳು ಮೊದಲ ಅಕ್ಷರ ಬರೆದದ್ದನ್ನು ನೋಡಲಿಲ್ಲ.

ಮರಿ ದೊಡ್ಡವಳಾಗಿ, ಮೊದಲ ಗಂಡ ತೀರಿಕೊಂಡ ಮೇಲೆ, ಯೋಹಾನೆಸ್ ಹೆಸ್ಸೆ ಎಂಬಾತನನ್ನು ಮದುವೆಯಾದಳು. ಅವರೂ ಮಂಗಳೂರಿನಲ್ಲಿ ಕೆಲಸ ಮಾಡಿ ಆರೋಗ್ಯ ಕೆಟ್ಟು ಮರಳಿದ್ದ ಮಿಷನರಿ. ಈ ದಂಪತಿಯ ಮಗನೇ ಹೆರ್ಮನ್ ಹೆಸ್ಸೆ. ನಿಮ್ಮಲ್ಲಿ ಅರ್ಧ ಜನರ ಶೆಲ್ಫಿನಲ್ಲಿರೋ ‘ಸಿದ್ಧಾರ್ಥ’ ಬರೆದವನು. 1880ರ ದಶಕದಲ್ಲಿ ಬಾಸೆಲ್‌ನಲ್ಲಿದ್ದಾಗ ಈ ಹಠಮಾರಿ ಹುಡುಗನನ್ನು ತಂದೆ ತಾಯಿ ಸ್ವಲ್ಪ ಕಾಲ ಮಿಷನ್ನಿನದೇ ಗಂಡುಮಕ್ಕಳ ಹಾಸ್ಟೆಲ್ಲಿಗೆ ಸೇರಿಸಿದ್ದರು. ಅಪ್ಪ ಅಮ್ಮ ಅದೇ ಊರಲ್ಲಿ ಇದ್ದಾಗಲೇ! ನಾಲ್ಕನೇ ವಯಸ್ಸಿಗೆ ಬಿಟ್ಟುಹೋಗಲ್ಪಟ್ಟ ಹುಡುಗಿ, ತಾಯಿಯಾದ ಮೇಲೆ ತನ್ನ ಮಗನನ್ನು ಬಿಟ್ಟಳು. ‘ಸಿದ್ಧಾರ್ಥ’ದಲ್ಲಿ ಮಗ ಅಪ್ಪನನ್ನು ಬಿಟ್ಟು ಹೊರಡುತ್ತಾನೆ, ಮುಂದೆ ಅವನ ಮಗ ಅವನನ್ನು ಬಿಟ್ಟು ಓಡಿಹೋಗುತ್ತಾನೆ. ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ಓದಿದಾಗ ಅದು ಅಧ್ಯಾತ್ಮ ಅನ್ನಿಸಿತ್ತು. ಈಗ ಒಂದು ಮನೆಯ ಲೆಕ್ಕ ಅನ್ನಿಸುತ್ತೆ.

ಕಿಟೆಲ್ ಮನೆಯದ್ದೂ ಹೀಗೇ. 1860ರಲ್ಲಿ ಪೌಲೀನಾ ಐತ್ ಅವರನ್ನು ಮದುವೆಯಾದರು. ನಾಲ್ಕೇ ವರ್ಷಕ್ಕೆ ಆಕೆ ತೀರಿಕೊಂಡರು. ಆಮೇಲೆ ಆಕೆಯ ತಂಗಿ ಜೂಲಿಯನ್ನು ಮದುವೆಯಾದರು. 1880ರ ದಶಕದಲ್ಲಿ ನಿಘಂಟಿನ ಕೆಲಸಕ್ಕೆ ಮತ್ತೆ ಬಂದಾಗ ಹೆಂಡತಿ ಮಕ್ಕಳು ಜರ್ಮನಿಯಲ್ಲೇ ಉಳಿದರು. ಸುಮಾರು 70,000 ಪದಗಳ ಆ ನಿಘಂಟು ಸಿದ್ಧವಾಗುವ ಹೊತ್ತಿಗೆ ಅವರ ಕಣ್ಣೂ ಸೋತಿತ್ತು. ಬೆಂಗಳೂರಿನ ಮೇಯೋ ಹಾಲ್ ಹತ್ತಿರ ಕಿಟೆಲ್ ಪ್ರತಿಮೆ ಇದೆ. ಅದು ಇರಬೇಕಾದ್ದೇ. ಜೂಲಿಗಾಗಲಿ ಆ ಮಕ್ಕಳಿಗಾಗಲಿ ಪ್ರತಿಮೆ ಕಟ್ಟಿ ಅಂತ ನಾನು ಹೇಳ್ತಾ ಇಲ್ಲ. ಆದರೆ ಆ ಕಲ್ಲಿನ ಮೇಲಿನ ಹೆಸರೊಂದೇ ಆ ನಿಘಂಟಿನ ಪೂರ್ತಿ ಬಿಲ್ಲು ಕಟ್ಟಿದ್ದಲ್ಲ.

ಬಿಲ್ಲು ಕಟ್ಟಿದವರು ಈ ಕಡೆಯೂ ಇದ್ದರು. 1844ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಹುಡುಗ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದ. ಊರಿಗೆ ಊರೇ ಕುದಿಯಿತು. ಮೋಗ್ಲಿಂಗ್ ಅವನನ್ನು ಮಗನೆಂದೇ ಒಪ್ಪಿಕೊಂಡರು. ಅವನು ಬಾಸೆಲ್‌ಗೆ ಹೋಗಿ ಓದಿ, ಮಿಷನರಿಯಾಗಿ ಮರಳಿ ಬಂದ. ನಂಬಿಕೆ ಅವನದು, ಆರಿಸಿಕೊಂಡವನೂ ಅವನೇ, ಸರಿ. ಆದರೆ ಒಂದು ಮನೆಗೆ ಮಗ ಸಿಕ್ಕ ದಿನ ಇನ್ನೊಂದು ಮನೆಯವರು ಮಗನನ್ನು ಕಳಕೊಂಡು ಕೂತಿದ್ದರು.

ಇಷ್ಟೆಲ್ಲಾ ಓದಿ ಆ ಪಾದ್ರಿಗಳ ಮೇಲೆ ತೀರ್ಪು ಕೊಡೋಕೆ ಹೊರಟರೆ ನನಗೆ ಬಾಯಿ ಬರಲ್ಲ. ನಾನು ಅವರ ನಿಘಂಟು ಬಳಸಿದವನು. ನಮ್ಮ ಮನೆಯ ಮಾಡಿನ ಮೇಲಿರೋ ಮಂಗಳೂರು ಹೆಂಚನ್ನು 1865ರಲ್ಲಿ ಮೊದಲು ಶುರು ಮಾಡಿದವರೂ ಅವರೇ. ಅದರಡಿ ಮಲಗಿ ಬೆಳೆದವನು ನಾನು. ಹಾಗಂತ ‘ಎಷ್ಟು ದೊಡ್ಡ ಕೆಲಸ ಆಯ್ತಲ್ಲ, ಅದಕ್ಕೆ ಎಲ್ಲಾ ಸರಿ’ ಅನ್ನೋದೂ ಕಷ್ಟ. ಯಾಕಂದ್ರೆ ಮಗುವನ್ನು ಹಡಗು ಹತ್ತಿಸೋ ದಿನ ಯಾರಿಗೂ ಮುಂದೆ ನಿಘಂಟು ಬರುತ್ತೆ ಅಂತ ಗೊತ್ತಿರಲಿಲ್ಲ. ಹೆಸರೇ ಉಳಿಯದ ಎಷ್ಟೋ ಪಾದ್ರಿಗಳು ಅದೇ ಬೆಲೆ ಕೊಟ್ಟರು, ಅವರ ಮಕ್ಕಳಿಗೆ ತೋರಿಸೋಕೆ ಒಂದು ಪುಸ್ತಕವೂ ಸಿಗಲಿಲ್ಲ. ಫಲ ನೋಡಿ ನ್ಯಾಯ ಹೇಳಿದರೆ ಗೆದ್ದವರೆಲ್ಲಾ ಒಳ್ಳೆಯ ಅಪ್ಪಂದಿರು, ಸೋತವರೆಲ್ಲಾ ಕೆಟ್ಟವರು ಅಂತಾಗುತ್ತೆ.

ನನಗೆ ತೊಡಕು ಇರೋದು ‘ತ್ಯಾಗ’ ಅನ್ನೋ ಮಾತಿನಲ್ಲಿ. ಅವರು ಮಕ್ಕಳನ್ನು ಬಿಟ್ಟದ್ದನ್ನು ತ್ಯಾಗ ಅಂತಲೇ ಕರೆದರು, ಅವರ ಸಂಕಟವೂ ನಿಜವೇ. ಆದರೆ ತ್ಯಾಗ ಅಂದರೆ ನಮ್ಮದನ್ನು ನಾವು ಕೊಡೋದು. ನನ್ನ ನಿದ್ದೆ, ನನ್ನ ಸಂಬಳ, ನನ್ನ ಆರೋಗ್ಯ ಕೊಟ್ಟರೆ ತ್ಯಾಗ. ನಾಲ್ಕು ವರ್ಷದ ಮರಿಯ ಬಾಲ್ಯ ಗುಂಡರ್ಟ್ ದಂಪತಿಯದ್ದಾಗಿರಲಿಲ್ಲ. ಅದು ಅವಳದು. ಅವಳನ್ನು ಯಾರೂ ಕೇಳಲಿಲ್ಲ, ಕೇಳಿದ್ದರೂ ಉತ್ತರ ಕೊಡೋ ವಯಸ್ಸಲ್ಲ. ಇನ್ನೊಬ್ಬರದ್ದನ್ನು ತಗೊಂಡು ನಮ್ಮ ಕೆಲಸಕ್ಕೆ ಹಾಕಿದರೆ ಅದಕ್ಕೆ ಹಳ್ಳಿಯಲ್ಲಿ ಬೇರೆ ಮಾತಿದೆ: ಸಾಲ. ತ್ಯಾಗ ಅಂದುಕೊಂಡವನು ಹೊಗಳಿಕೆ ಕಾಯುತ್ತಾನೆ. ಸಾಲ ಅಂತ ಒಪ್ಪಿಕೊಂಡವನು ತೀರಿಸೋದು ಹೇಗೆ ಅಂತ ಯೋಚನೆ ಮಾಡುತ್ತಾನೆ.

‘ಅವರು ದೇವರ ಕೆಲಸಕ್ಕೆ ಹೋದವರು, ನೀನು ಇಎಂಐ ಕಟ್ಟೋಕೆ ಹೋದವನು, ಎಲ್ಲಿಗೆಲ್ಲಿಯ ಹೋಲಿಕೆ’ ಅಂತ ಹೆಂಡತಿ ನಕ್ಕಳು. ನಿಜ. ಹೊಟ್ಟೆಪಾಡಿಗೆ ಮಕ್ಕಳನ್ನು ಊರಲ್ಲಿ ಬಿಟ್ಟು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬರೋ ನಮ್ಮ ಕಡೂರು, ತರೀಕೆರೆ ಕಡೆಯ ಜನರಿಗೂ ನನಗೂ ಹೋಲಿಕೆ ಇಲ್ಲ, ಅವರಿಗೆ ಬೇರೆ ದಾರಿ ಇರಲ್ಲ. ನನಗೆ ಇತ್ತು. ಹಾಗಾಗಿ ನನ್ನ ಲೆಕ್ಕ ಇನ್ನೂ ಕಷ್ಟದ್ದು.

ಆ ಹತ್ತು ತಿಂಗಳು ಮುಗಿಸಿ ಬೀರೂರಲ್ಲಿ ಟ್ರೇನ್ ಇಳಿದು, ಬಸ್ಸು ಹಿಡಿದು ಮನೆ ಸೇರಿದಾಗ ಮಗಳು ಅವ್ವನ ಸೆರಗು ಹಿಡಿದು ನಿಂತಿದ್ದಳು. ನಾನು ಕೇಳಿದ್ದಕ್ಕೆಲ್ಲಾ ಅವ್ವನ ಮುಖ ನೋಡಿ ಉತ್ತರ ಹೇಳಿದಳು. ಊಟ ಆಯ್ತಾ ಪುಟ್ಟಿ ಅಂದರೆ, ‘ಆಯ್ತು ಅಂತ ಹೇಳಜ್ಜಿ.’ ಮೂರು ದಿನ ಹಾಗೇ. ದಿನಾ ವಿಡಿಯೋ ಕಾಲ್ ಮಾಡಿದ್ದೆ ಅಂತ ನನಗೆ ಧೈರ್ಯ ಇತ್ತು. ಕಾಗದ ತಲುಪೋಕೆ ತಿಂಗಳುಗಟ್ಟಲೆ ಕಾಯ್ದ ಜೂಲಿ ಗುಂಡರ್ಟ್‌ಗಿಂತ ನಾನು ವಾಸಿ ಅಂದುಕೊಂಡಿದ್ದೆ.

ಈಗ ಮತ್ತೆ ಕೇಳಿದ್ದಾರೆ. ಮೂರು ವರ್ಷ, ಸ್ಟುಟ್‌ಗಾರ್ಟ್, ಫ್ಯಾಮಿಲಿ ವೀಸಾ. ಮಗಳನ್ನು ಈ ಸಲ ಬಿಡಲ್ಲ, ಕರಕೊಂಡೇ ಹೋಗ್ತೀವಿ ಅಂತ ತೀರ್ಮಾನ ಮಾಡಿ ಹಗುರಾಗಿದ್ದೆ. ಆಮೇಲೆ ಹೊಳೆಯಿತು: ಹಾಗಾದರೆ ಈ ಸಲದ ಬಿಲ್ಲು ಅವ್ವನ ಹೆಸರಿಗೆ. ಯಾರೂ ಕಟ್ಟಬೇಕಾಗಿಲ್ಲದ ದಾರಿ ಇದೆಯಾ? ನನಗೆ ಕಾಣಲಿಲ್ಲ. ಕಂಡದ್ದು ಇಷ್ಟೇ, ಕಟ್ಟುವವರನ್ನು ಮೊದಲೇ ಕೇಳಬಹುದು. ಅವರು ಬೇಡ ಅಂದರೆ ಕೇಳೋಕೆ ತಯಾರಿರಬೇಕು, ಇಲ್ಲದಿದ್ದರೆ ಕೇಳೋದೂ ನಾಟಕವೇ.

ಹೋದ ಶನಿವಾರ ಊರಿಗೆ ಹೋಗಿ ಕೇಳಿದೆ. ಅಪ್ಪ ಜಗಲಿ ಮೇಲೆ ಈರುಳ್ಳಿ ಆರಿಸ್ತಾ ಕೂತಿದ್ರು. ‘ಇದೇನೋ ಹೊಸಾದು, ಬಿಇಗೆ ಹೋಗಬೇಕಾದ್ರೂ ನೀನು ಕೇಳಿರ್ಲಿಲ್ಲ’ ಅಂದ್ರು. ತಮಾಷೆಗೇ ಅಂದದ್ದು. ಅವ್ವ ಏನೂ ಅನ್ನಲಿಲ್ಲ. ರಾತ್ರಿ ಊಟಕ್ಕೆ ಬಡಿಸುವಾಗ, ‘ಮೂರು ವರ್ಷ ಅಂದ್ರೆ ಪುಟ್ಟಿಗೆ ಎಂಟಾಗ್ತೈತೆ, ಅಲ್ವೇನಪ್ಪಾ? ನಂಗೆ ಅರವತ್ತೊಂಬತ್ತು’ ಅಂದಳು. ಹೋಗು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಆಫೀಸಿಗೆ ಉತ್ತರ ಕೊಡೋಕೆ ಈ ಶುಕ್ರವಾರದವರೆಗೆ ಟೈಮ್ ಇದೆ. ನಾಳೆ ಇನ್ನೊಂದು ಸಲ ಊರಿಗೆ ಹೊರಟಿದ್ದೀನಿ. ಅವ್ವ ಆ ಮಾತನ್ನು ಪೂರ್ತಿ ಹೇಳಲಿ, ಕೂತು ಕೇಳಬೇಕು.