ಒಡೆಯನಲ್ಲದವನ ದಾನ

ಕಾಣಿಕೆಯ ವಿಷಯವಾಗಿ ನಮ್ಮ ಸಭೆಗಳ ಪ್ರಸಂಗಪೀಠದಿಂದ ವರ್ಷಕ್ಕೊಮ್ಮೆಯಾದರೂ ಕೇಳಿಬರುವ ಬೋಧೆಯೊಂದುಂಟು: ನಿಮ್ಮ ಹಣ ನಿಮ್ಮದಲ್ಲ, ನೀವು ಬರಿಯ ಮನೆವಾರ್ತೆಯವರು, ದೇವರ ಸ್ವತ್ತನ್ನು ದೇವರಿಗೆ ಒಪ್ಪಿಸಲು ಇಷ್ಟೇಕೆ ಹಿಂದೆಗೆಯುತ್ತೀರಿ? ಇದನ್ನು ಕೇಳಿದಾಗಲೆಲ್ಲ ನನಗೆ ಕಿರಿಕಿರಿಯಾಗುತ್ತದೆ. ಹಣ ಕೇಳಿದರೆಂದಲ್ಲ; ಸಭಾಪಾಲಕರ ಸಂಬಳವಾಗಲಿ ಸೋರುವ ಚಾವಣಿಯ ದುರಸ್ತಿಯ ವೆಚ್ಚವಾಗಲಿ ಆಕಾಶದಿಂದ ಉದುರುವುದಿಲ್ಲವೆಂದು ನಾನೂ ಬಲ್ಲೆ. ಔದಾರ್ಯವನ್ನು ಬೇಡುವ ಬಾಯಿಯೇ ಔದಾರ್ಯಕ್ಕೆ ಆಸ್ಪದವಿಲ್ಲದಂತೆ ಮಾಡುತ್ತದಲ್ಲಾ ಎಂಬುದು ನನ್ನ ಆಕ್ಷೇಪ. ಖಜಾನೆಯ ಕಿಟಕಿಯಲ್ಲಿ ಪಿಂಚಣಿ ಎಣಿಸಿಕೊಡುವ ಗುಮಾಸ್ತನನ್ನು ದಾನಶೂರನೆಂದು ಯಾರೂ ಹೊಗಳುವುದಿಲ್ಲ. ಒಡೆತನವಿಲ್ಲದಲ್ಲಿ ದಾನವೂ ಇಲ್ಲವೆಂದು ಸ್ಥಾಪಿಸುವುದು ಈ ಬರಹದ ಉದ್ದೇಶ.

ದಶಮಾಂಶವನ್ನು ಒಟ್ಟು ಸಂಬಳದ ಮೇಲೆ ಲೆಕ್ಕಹಾಕಬೇಕೋ ಕೈಗೆ ಬಂದುದರ ಮೇಲೋ ಎಂದು ಚರ್ಚಿಸುವವರಿಗೂ, ಒಂದು ಕೊಟ್ಟರೆ ನೂರಾಗಿ ಬರುವುದೆಂದು ಮಲಾಕಿಯನ ಹೆಸರಿನಲ್ಲಿ ಆಸೆ ಹುಟ್ಟಿಸುವವರಿಗೂ ಇಲ್ಲಿಯೇ ಒಂದು ನಮಸ್ಕಾರ. ಧರ್ಮೋಪದೇಶಕಾಂಡದ 14ನೆಯ ಅಧ್ಯಾಯದಂತೆ ಆ ಹತ್ತನೆಯ ಪಾಲನ್ನು ತಂದವನೇ ಮನೆಮಂದಿಯೊಡನೆ ದೇವಸನ್ನಿಧಿಯಲ್ಲಿ ಉಂಡು ಸಂತೋಷಪಡಬೇಕಾಗಿತ್ತೆಂಬುದನ್ನು ಇವರಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಮನೆವಾರ್ತೆಯ ಈ ಬೋಧೆಯ ವಿಷಯದಲ್ಲಿ ನನ್ನ ನಿಜವಾದ ಎದುರಾಳಿಯೆಂದರೆ ಹದಿನೆಂಟನೆಯ ಶತಮಾನದ ಇಂಗ್ಲಿಷ್ ಬೋಧಕ ಜಾನ್ ವೆಸ್ಲಿ. ಮೈಸೂರು ಸೀಮೆಯಲ್ಲಿ ಅವನ ಅನುಯಾಯಿಗಳು ಕಟ್ಟಿದ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ ಕೂಡಿಕೊಂಡವು. ಅಂಥ ಸಭೆಯೊಂದರಲ್ಲಿ ಬೆಳೆದ ನನಗೆ ಅವನು ಪರಕೀಯನಲ್ಲ. 1760ರಲ್ಲಿ ಅಚ್ಚಾದ, ಹಣದ ಉಪಯೋಗವನ್ನು ಕುರಿತ ಪ್ರಸಂಗದಲ್ಲಿ ಅವನು ಸಂಪಾದಿಸು, ಉಳಿಸು, ಕೊಡು ಎಂಬ ಮೂರು ವಿಧಿಗಳನ್ನು ಹೇಳಿ, ಹತ್ತನೆಯ ಪಾಲೆಂಬ ಗಡಿಯನ್ನೇ ಅಳಿಸಿಹಾಕಿದ್ದಾನೆ; 1768ರ ಪ್ರಸಂಗದಲ್ಲಿ ಹಣವಷ್ಟೇ ಅಲ್ಲ, ದೇಹವೂ ಬುದ್ಧಿಯೂ ಮಾತೂ ನಮಗೆ ಒಪ್ಪಿಸಿದ ನಿಕ್ಷೇಪಗಳೆಂದು ವಾದಿಸಿದ್ದಾನೆ. ಇಂಥವನಿಗೆ ಉತ್ತರ ಕೊಡುವುದು ಸುಲಭವಲ್ಲ. ಆದರೂ ಅಪೊಸ್ತಲರ ಕೃತ್ಯಗಳಲ್ಲಿ, ಭೂಮಿ ಮಾರಿದ ಹಣದಲ್ಲಿ ಒಂದು ಪಾಲನ್ನು ಬಚ್ಚಿಟ್ಟ ಅನನೀಯನನ್ನು ಪೇತ್ರನು ಗದರಿಸುವಾಗ, ಆ ಭೂಮಿ ನಿನ್ನದೇ ಆಗಿತ್ತಲ್ಲವೆ, ಮಾರಿದ ಮೇಲೂ ಹಣ ನಿನ್ನ ಅಧೀನದಲ್ಲಿಯೇ ಇತ್ತಲ್ಲವೆ ಎಂಬರ್ಥದ ಪ್ರಶ್ನೆ ಹಾಕುತ್ತಾನೆ. ಅನನೀಯನ ಅಪರಾಧ ಸುಳ್ಳು, ಒಡೆತನವಲ್ಲ.

ನನ್ನ ಬಾಲ್ಯದ ಸುಗ್ಗಿಯ ಹಬ್ಬವೂ ನನ್ನ ಪಕ್ಷಕ್ಕೇ ಸಾಕ್ಷಿಯೆಂದು ಬಹುಕಾಲ ನಂಬಿದ್ದೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಅಮ್ಮ ಹಿತ್ತಲಿನಿಂದ ಹೊತ್ತು ತಂದ, ಇನ್ನೂ ಬೂದಿ ಆರದ ಬೂದುಗುಂಬಳವನ್ನು ಸಭೆಯ ಹಿರಿಯರೊಬ್ಬರು ಎತ್ತಿಹಿಡಿದು ಕೂಗುವರು. ಸವಾಲಿನಲ್ಲಿ ಗೆದ್ದವನು ಹಣ ಎಣಿಸಿಟ್ಟು, ‘ಸಭೆಗೇ ಬಿಟ್ಟೆ, ಇನ್ನೊಂದು ಸಲ ಕೂಗಿ’ ಎನ್ನುವನು. ಮತ್ತೊಬ್ಬನು ಕೊಳ್ಳುವನು, ಅವನೂ ಬಿಡುವನು. ಕಾಯಿ ಕೈಯಿಂದ ಕೈಗೆ ಹೋಗುತ್ತಿದ್ದಂತೆ ಅದನ್ನು ಹಿಡಿದವರ ಅಂಗಿಯೆಲ್ಲ ಬೆಳ್ಳಗಾಗುತ್ತಿತ್ತು. ಒಂದು ಗಳಿಗೆಯಾದರೂ ತನ್ನದಾಗದಿದ್ದರೆ ಅವರಲ್ಲಿ ಯಾರಿಗೆ ತಾನೆ ಅದನ್ನು ಬಿಟ್ಟುಕೊಡುವ ಆ ಗತ್ತು ಬರುತ್ತಿತ್ತು?

ಗತ್ತು ಎಂದೆನಲ್ಲ, ವೆಸ್ಲಿ ನನ್ನನ್ನು ಹಿಡಿಯುವುದು ಅಲ್ಲಿಯೇ. ಒಡೆತನವನ್ನು ಎತ್ತಿಹಿಡಿಯುವ ವಾದದ ಫಲ ಕಾಣಬೇಕಾದರೆ ನಮ್ಮ ದೇವಾಲಯದ ಫ್ಯಾನುಗಳನ್ನು ನೋಡಬಹುದು: ರೆಕ್ಕೆರೆಕ್ಕೆಗೂ ‘ಇಂಥವರ ಸ್ಮರಣಾರ್ಥ ಇಂಥವರ ಕೊಡುಗೆ’. ಸ್ವಿಚ್ಚು ಹಾಕಿದ ಮೇಲೆ ಓದುವುದಕ್ಕಾಗದೆಂಬುದೊಂದೇ ಸಮಾಧಾನ. ಮಾಡಿದೆನೆಂಬ ಭಾವ ದಾಸೋಹವನ್ನು ಕೆಡಿಸುವುದೆಂದು ಶರಣರೂ ಎಚ್ಚರಿಸಿದ್ದರು. ಇನ್ನೂ ದೊಡ್ಡದೊಂದು ನೆಲವನ್ನು ನಾನು ಬಿಟ್ಟುಕೊಡಬೇಕು. ಎಲ್ಲವೂ ನಿಕ್ಷೇಪವೆಂಬ ಮಾತು ವೆಸ್ಲಿಯಲ್ಲಿ ಕಾಣಿಕೆಯ ಚೀಲಕ್ಕೆ ಬೀಳುವ ನೋಟಿಗಿಂತ ಜೇಬಿನಲ್ಲಿ ಉಳಿಯುವ ನೋಟನ್ನು ಹೆಚ್ಚು ಕಾಡುತ್ತದೆ. ವರ್ಷಕ್ಕೆ ಮೂವತ್ತು ಪೌಂಡು ಬಂದಾಗ ಇಪ್ಪತ್ತೆಂಟರಲ್ಲಿ ಬದುಕಿ, ಅರುವತ್ತು ಬಂದಾಗಲೂ ಇಪ್ಪತ್ತೆಂಟರಲ್ಲಿಯೇ ಬದುಕಿ, ಮಿಕ್ಕುದನ್ನೆಲ್ಲ ಕೊಟ್ಟ ಆಕ್ಸ್‌ಫರ್ಡಿನ ತರುಣನೊಬ್ಬನ ಸಂಗತಿಯನ್ನು ಅವನು ಹೇಳಿದ್ದಾನೆ. ಆ ತರುಣ ವೆಸ್ಲಿಯೇ ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಇದನ್ನು ಪಿಂಚಣಿ ಗುಮಾಸ್ತನ ಕೆಲಸವೆನ್ನಲು ನನಗೆ ನಾಲಗೆ ಏಳುವುದಿಲ್ಲ. ಅವನ ತತ್ತ್ವವನ್ನು ಕುಗ್ಗಿಸಿ ಚೀಲದ ಬಾಯಿಗೆ ಹೊಂದಿಸಿದವರು ನಮ್ಮ ಬೋಧಕರು.

ಹಾಗೆ ಕುಗ್ಗಿಸಿದವರು ಅದರ ಇನ್ನೊಂದು ಅಲಗನ್ನೂ ಮುಚ್ಚಿಟ್ಟರು. ನಾನು ಮನೆವಾರ್ತೆಯವನಾದರೆ ಸಭಾ ಸಮಿತಿಯೂ ಮನೆವಾರ್ತೆಯದೇ. ಹಿಂದೊಮ್ಮೆ ವಾರ್ಷಿಕ ಸಭೆಯಲ್ಲಿ ಚಾವಣಿಗೆಂದು ಎತ್ತಿದ ಹಣದ ಲೆಕ್ಕ ಕೇಳಿದಾಗ, ದೇವರಿಗೆ ಕೊಟ್ಟಮೇಲೆ ಕೇಳಬಾರದೆಂಬ ಉತ್ತರ ಬಂತು. ಕೇಳಬಾರದೇಕೆ? ಯೆರೂಸಲೇಮಿನ ಬಡವರಿಗಾಗಿ ಎತ್ತಿದ ಹಣವನ್ನು ಪೌಲನು ತಾನೊಬ್ಬನೇ ಮುಟ್ಟದೆ, ಯಾರೂ ಬೆರಳು ತೋರಿಸಬಾರದೆಂದು ಸಭೆಗಳಿಂದ ನೇಮಕವಾದವರನ್ನು ಜೊತೆಗೂಡಿಸಿದನೆಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರವೇ ಹೇಳುತ್ತದೆ. ಆ ವರ್ಷದ ನನ್ನ ವರ್ಗಣಿಯನ್ನು ನೆರೆಮನೆಯವರ ಆಸ್ಪತ್ರೆಯ ಖರ್ಚಿಗೆ ಕೊಟ್ಟೆ. ಅದು ಸರಿಯೆಂದೇ ಈಗಲೂ ನನ್ನ ಮತ. ಆದರೆ ಸಭಾಪಾಲಕರಿಗೆ ಆ ವರ್ಷವೂ ಸಂಬಳ ತಪ್ಪಲಿಲ್ಲವೆಂದರೆ, ಲೆಕ್ಕ ಕೇಳದೆ ಕೊಟ್ಟವರು ಇದ್ದುದರಿಂದಲೇ. ಅಡುಗೆಗೆ ಅಳೆದ ಅಕ್ಕಿಯಿಂದ ದಿನಾಲು ಒಂದು ಹಿಡಿ ತೆಗೆದು ಡಬ್ಬಿಗೆ ಹಾಕಿಡುತ್ತಿದ್ದ ನನ್ನ ಅಮ್ಮ ಅಂಥವರಲ್ಲಿ ಒಬ್ಬಳು.

ಮಾರ್ಕನ 12ನೆಯ ಅಧ್ಯಾಯದ ಬಡವಿಧವೆಯನ್ನು ಈ ವ್ಯಾಜ್ಯದಲ್ಲಿ ಎಲ್ಲಿ ನಿಲ್ಲಿಸಬೇಕೆಂಬುದು ನನಗೆ ಬಗೆಹರಿಯದು. ಮೊದಲು ನಿನಗೆ, ಆಮೇಲೆ ಮನೆಯವರಿಗೆ, ಆಮೇಲೆ ವಿಶ್ವಾಸಿಗಳಿಗೆ, ಕಡೆಗೆ ಎಲ್ಲರಿಗೂ ಎಂಬ ವೆಸ್ಲಿಯ ಅನುಕ್ರಮದಂತೆ, ಇದ್ದ ಜೀವನವನ್ನೆಲ್ಲ ಪೆಟ್ಟಿಗೆಗೆ ಹಾಕಿದವಳು ಕೆಟ್ಟ ಮನೆವಾರ್ತೆಯವಳು. ನನ್ನ ಸಿದ್ಧಾಂತದಂತೆ, ಆ ಎರಡು ಕಾಸು ಅವಳದೇ ಆದುದರಿಂದ ನಿಜವಾದ ದಾನಿ ಅವಳೊಬ್ಬಳೇ. ಆದರೆ ವಿಧವೆಯರ ಮನೆ ನುಂಗುವ ಶಾಸ್ತ್ರಿಗಳನ್ನು ಯೇಸು ಅದೇ ಪುಟದಲ್ಲಿ ಖಂಡಿಸಿ, ಮುಂದಿನ ಪುಟದಲ್ಲಿ ಆ ದೇವಾಲಯದ ಕಲ್ಲಿನ ಮೇಲೆ ಕಲ್ಲು ನಿಲ್ಲದೆಂದು ಹೇಳುವಾಗ, ಲೆಕ್ಕ ಕೇಳುವ ನನ್ನ ಧರ್ಮದಂತೆ ಅವಳು ಮೋಸಹೋದವಳು. ಯೇಸು ಅವಳನ್ನು ಹೊಗಳಿದನೋ, ಅವಳಿಗಾಗಿ ಮರುಗಿದನೋ, ಮಾರ್ಕನು ಹೇಳುವುದಿಲ್ಲ. ಹೊಗಳಿದನೆಂದರೆ ವಾರ್ಷಿಕ ಸಭೆಯಲ್ಲಿ ನಾನು ಎದ್ದುನಿಂತದ್ದು ಅಧಿಕಪ್ರಸಂಗ. ಮರುಗಿದನೆಂದರೆ ಅಮ್ಮನ ಡಬ್ಬಿಯ ಅಕ್ಕಿ ಯಾರ ಹೊಟ್ಟೆಗೆ ಹೋಯಿತೆಂದು ನಾನು ಇಷ್ಟು ತಡವಾಗಿಯಾದರೂ ವಿಚಾರಿಸಬೇಕಾಗುತ್ತದೆ.