ನಾಲ್ಕು ಮೊಳದ ಬೆಳಕು

ಶ್ರವಣಬೆಳಗೊಳದಿಂದ ಮೂಡುಬಿದಿರೆಗೆ ಮರಳುತ್ತಿದ್ದೆ. ಬೇಲೂರಿನಲ್ಲಿ ಹೊತ್ತು ಮುಳುಗುವ ಮುಂಚೆಯೇ ಊಟ ಮುಗಿಸಿದ್ದೆ. ದೀಪಕ್ಕೆ ಮುತ್ತುವ ಹುಳ ಅನ್ನದೊಳಗೆ ಬಿದ್ದು ಸಾಯಬಾರದೆಂದು ನಮ್ಮ ಜೈನರಲ್ಲಿ ರಾತ್ರಿ ಉಣ್ಣುವುದಿಲ್ಲ. ಅಷ್ಟು ಎಚ್ಚರದ ಮನುಷ್ಯ ನಾನು! ಚಾರ್ಮಾಡಿ ಘಾಟಿಯ ಒಂದು ತಿರುವಿನಲ್ಲಿ ನನ್ನ ಕಾರಿನ ಬೆಳಕು ಮುಖಕ್ಕೆ ಬಿದ್ದದ್ದೇ ತಡ, ಎದುರು ಹತ್ತುತ್ತಿದ್ದ ಗಂಡಹೆಂಡತಿಯ ಬೈಕು ಚರಂಡಿಗೆ ಇಳಿಯಿತು. ಓಡಿಹೋಗಿ ಎತ್ತಿದೆ. ಮೊಣಕೈ ತರಚಿತ್ತು, ಬೇರೇನೂ ಆಗಿರಲಿಲ್ಲ.

"ಡಿಮ್ ಮಾಡ್ಲಿಕ್ಕೆ ಏನು ಕಷ್ಟ ನಿಮ್ಗೆ?" ಎಂದ ಆತ.

"ಡಿಮ್ಮೇ ಇತ್ತು ಮಾರಾಯ್ರೆ," ಎಂದೆ. ಆತ ನಂಬಲಿಲ್ಲ.

ನಾನು ಹೇಳಿದ್ದು ನಿಜ. ತಿಂಗಳ ಹಿಂದಷ್ಟೇ ಹ್ಯಾಲೊಜನ್ ತೆಗೆಸಿ ಕ್ಸೆನಾನ್ ಕಿಟ್ ಹಾಕಿಸಿದ್ದೆ. ಐವತ್ತು ದಾಟಿದ ಕಣ್ಣಿಗೆ ಮಳೆಗಾಲದ ಘಾಟಿಯಲ್ಲಿ ಹಳೆಯ ಬೆಳಕು ಸಾಲುತ್ತಿರಲಿಲ್ಲ. 55 ವ್ಯಾಟ್ ಹ್ಯಾಲೊಜನ್ ಡಿಮ್‌ನಲ್ಲಿ ಕೊಡುವುದು ಸುಮಾರು 1,000 ಲೂಮೆನ್. 35 ವ್ಯಾಟ್ ಕ್ಸೆನಾನ್ ಅದರ ಮೂರು ಪಟ್ಟು. ಇದಕ್ಕಿಂತ ಲಾಭದ ವ್ಯಾಪಾರ ಉಂಟೇ?

ಮರುದಿನ ಸಂಜೆ ಅಡಿಕೆ ಗೋದಾಮಿನ ಗೋಡೆಗೆ ಕಾರು ಮುಖ ಮಾಡಿ ನಿಲ್ಲಿಸಿದೆ. ಹ್ಯಾಲೊಜನ್ ಇದ್ದಾಗ ಗೋಡೆಯ ಮೇಲೆ ಕತ್ತರಿಸಿದಂತೆ ಒಂದು ಗೆರೆ ಮೂಡುತ್ತಿತ್ತು: ಕೆಳಗೆ ಬೆಳಕು, ಮೇಲೆ ಕತ್ತಲು. ಆ ಬಲ್ಬಿನಲ್ಲಿ ಡಿಮ್ ತಂತಿಯ ಕೆಳಗೆ ಬಟ್ಟಲಿನಂಥ ಒಂದು ಪುಟ್ಟ ತಗಡು ಇರುತ್ತದೆ. ರಿಫ್ಲೆಕ್ಟರಿನ ಕೆಳಭಾಗಕ್ಕೆ ಬೆಳಕು ಬೀಳದಂತೆ ಅದು ಅಡ್ಡ ನಿಲ್ಲುವುದರಿಂದಲೇ ಆ ಗೆರೆ. ಕ್ಸೆನಾನಿನಲ್ಲಿ ತಂತಿಯೇ ಇಲ್ಲ, ಅನಿಲದೊಳಗೆ ಉರಿಯುವ ಕಿಡಿ. ಹ್ಯಾಲೊಜನ್ ತಂತಿಗೆಂದು ಲೆಕ್ಕ ಹಾಕಿ ಮಾಡಿದ ರಿಫ್ಲೆಕ್ಟರಿಗೆ ಆ ಕಿಡಿಯ ಆಕಾರವೂ ಜಾಗವೂ ಹೊಂದುವುದಿಲ್ಲ. ಗೋಡೆಯಲ್ಲಿ ಗೆರೆ ಇರಲಿಲ್ಲ. ಮಾಡಿನ ಹಂಚಿನವರೆಗೂ ಬೆಳಕು ಚೆಲ್ಲಿತ್ತು.

ಕಿಟ್ಟಿನ ಡಬ್ಬದ ಮೇಲೆ ಲೂಮೆನ್ ಲೆಕ್ಕ ದಪ್ಪಕ್ಷರದಲ್ಲಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಮಾತ್ರ ಬೆಳಕನ್ನು ಎದುರಿನವನ ಕಣ್ಣಿನಿಂದ ಅಳೆಯುತ್ತವೆ: ದೀಪದಿಂದ 8 ಮೀಟರ್ ದೂರ, ನೆಲದಿಂದ 1.5 ಮೀಟರ್ ಎತ್ತರದಲ್ಲಿರುವ ಕಣ್ಣು ಕೋರೈಸಬಾರದು.

ಯಾರಿಗೂ ಕೇಡು ಬಯಸಿರಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಗೆ ಲಕ್ಷಣ ಹೇಳುವಾಗ ದ್ವೇಷವನ್ನು ಹೆಸರಿಸುವುದಿಲ್ಲ, ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ, ಶುರುಮಾಡುತ್ತಾರೆ. ಎಚ್ಚರದಿಂದ ಇಟ್ಟ ಹೆಜ್ಜೆಗೆ ಹುಳ ಸಿಕ್ಕಿ ಸತ್ತರೂ ಅದು ಹಿಂಸೆಯಲ್ಲ; ಎಚ್ಚರ ತಪ್ಪಿದವನಿಗೆ, ಯಾರೂ ಸಾಯದಿದ್ದರೂ ಹಿಂಸೆ ಅಂಟುತ್ತದೆ ಎನ್ನುತ್ತಾರೆ ಜೈನ ಆಚಾರ್ಯ ಅಮೃತಚಂದ್ರರು. ಚರಂಡಿಯಿಂದ ಎದ್ದುಬಂದ ಆ ಇಬ್ಬರ ಮಾತೇ ಅಲ್ಲವೇ ಇದು?

ಮುನಿಗಳದು ಈರ್ಯಾಸಮಿತಿ. ಹಗಲಲ್ಲೇ ನಡೆಯಬೇಕು, ಮುಂದಿನ ನಾಲ್ಕು ಮೊಳ ನೆಲ ನೋಡುತ್ತ ನಡೆಯಬೇಕು. ಚಿಕ್ಕಂದಿನಲ್ಲಿ ಅದು ಕಾಲಿಗೆ ಮುಳ್ಳು ಚುಚ್ಚದಿರಲಿ ಎಂದಿರಬೇಕು ಅಂದುಕೊಂಡಿದ್ದೆ. ಅಜ್ಜ ನಕ್ಕಿದ್ದರು. ನೋಡುವುದು ಇರುವೆಗಾಗಿ, ಪಾದಕ್ಕಾಗಿ ಅಲ್ಲ ಮಗಾ, ಎಂದಿದ್ದರು. ನಾನು ಬೆಳಕು ಹಾಕಿಸಿದ್ದು ಪಾದಕ್ಕಾಗಿ.

ನನಗೆ ಘಾಟಿ ಬಿಡಲಾಗದು, ರಾತ್ರಿಯನ್ನೂ ಪೂರ್ತಿ ಬಿಡಲಾಗದು, ಮುನಿಯಲ್ಲ ನಾನು. ಮತ್ತೆ ಹ್ಯಾಲೊಜನ್ ಹಾಕಿಸಿದೆ, ಮಸುಕಾಗಿದ್ದ ಗಾಜು ತಿಕ್ಕಿಸಿದೆ, ಕನ್ನಡಕ ಬದಲಿಸಿದೆ. ಘಾಟಿಯಲ್ಲಿ ಈಗ ಮೂವತ್ತು ದಾಟುವುದಿಲ್ಲ. ಕ್ಸೆನಾನ್ ಕಿಟ್ ಅಟ್ಟದ ಮೇಲಿದೆ. ಪಕ್ಕದ ಮನೆಯ ಹುಡುಗ ಅರ್ಧ ಬೆಲೆಗೆ ಕೇಳಿದ, ಕೊಡಲಿಲ್ಲ.